ಒಂದೇ ಸಲ ಕೇಳುವ ಮಗಳು

ನಮ್ಮ ಕಡೆ ಯಾರಾದರೂ ಕಾಫಿ ಬೇಕಾ ಎಂದರೆ ಮೊದಲು ಬೇಡ ಅನ್ನಬೇಕು. ಎರಡನೇ ಸಲ ಕೇಳಿದಾಗ, ಅಯ್ಯೋ ಸುಮ್ನೆ ಯಾಕೆ ತೊಂದರೆ ಅನ್ನಬೇಕು. ಮೂರನೇ ಸಲ ಕೇಳುವ ಹೊತ್ತಿಗೆ ಲೋಟ ಹೇಗೂ ಕೈಗೆ ಬಂದಿರುತ್ತದೆ, ಕುಡಿಯಬೇಕು. ಇದನ್ನು ನನಗೆ ಯಾರೂ ಕೂರಿಸಿಕೊಂಡು ಕಲಿಸಲಿಲ್ಲ. ಮೈಸೂರಿನಲ್ಲಿ ಹುಟ್ಟಿ ಬೆಳೆದವಳಿಗೆ ಅದು ತಾನಾಗಿಯೇ ಬಂದದ್ದು. ಕೇಳಿದ ಕೂಡಲೇ ಹೂಂ ಅಂದ ನೆಂಟರನ್ನು ನನ್ನಮ್ಮ ಅಡುಗೆಮನೆಗೆ ಬಂದು, "ಬರಗೆಟ್ಟೋರ ಥರ ಆಡ್ತಾರಪ್ಪ" ಎಂದು ಆಡಿಕೊಳ್ಳುತ್ತಿದ್ದಳು.

ನನ್ನ ಮಗಳಿಗೆ ನಾನು ಇದನ್ನು ಕಲಿಸಲಿಲ್ಲ. ಕಲಿಸಬೇಕಾದ ವಿಷಯ ಎಂದು ಹೊಳೆಯಲೇ ಇಲ್ಲ. ಅವಳಿಗೆ ಮೂರು ವರ್ಷವಿದ್ದಾಗ ನಾವು ನೈರೋಬಿಗೆ ಬಂದೆವು. ಗಂಡನಿಗೆ ಟೆಲಿಕಾಂ ಕಂಪನಿಯ ಪೋಸ್ಟಿಂಗ್. ನನಗೆ ಆಮೇಲೆ ರಿವರ್‌ಸೈಡಿನ ಒಂದು ಎನ್‌ಜಿಒದಲ್ಲಿ ಕೆಲಸ ಸಿಕ್ಕಿತು. ಕಿಲೆಲೆಶ್ವಾದ ಫ್ಲಾಟಿನಲ್ಲಿ ಬೆಳಗಿನಿಂದ ಸಂಜೆಯವರೆಗೆ ಮಗಳನ್ನು ನೋಡಿಕೊಂಡಿದ್ದು ಮನೆಕೆಲಸದ ಹೆಂಗಸು. ಆಕೆಯನ್ನು ಚಹಾ ಬೇಕಾ ಎಂದು ಕೇಳಿದರೆ, ಬೇಕಿದ್ದರೆ ಹೌದು ಅನ್ನುತ್ತಿದ್ದಳು, ಬೇಡದಿದ್ದರೆ "ಹಪಾನಾ, ಅಸಾಂಟೆ." ಬೇಡ, ಥ್ಯಾಂಕ್ಸ್, ಅಷ್ಟೇ. ಅದಾದ ಮೇಲೂ ನಾನು ಒತ್ತಾಯ ಮಾಡಿದರೆ, ಇವಳಿಗೆ ಕಿವಿ ಕೇಳಿಸುವುದಿಲ್ಲವೇನೋ ಎಂಬಂತೆ ನನ್ನ ಮುಖ ನೋಡುತ್ತಿದ್ದಳು. ಮಗಳು ಬೆಳೆದದ್ದು ಆ ಮಡಿಲಲ್ಲಿ. ಕನ್ನಡ ಎಲ್ಲ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ ಬರುತ್ತದೆ ಎಂದು ಬಂದವರ ಮುಂದೆಲ್ಲ ಹೇಳಿಕೊಳ್ಳುತ್ತಿದ್ದೆ. ಎಲ್ಲ ಅರ್ಥವಾಗುತ್ತದೆ ಎಂದೇ ನಂಬಿದ್ದೆ.

ಅವಳಿಗೆ ಹದಿನಾರು ತುಂಬಿದ ವರ್ಷ ಕಂಪನಿ ನನ್ನ ಗಂಡನನ್ನು ಬೆಂಗಳೂರಿಗೆ ವಾಪಸ್ ಕರೆಸಿಕೊಂಡಿತು. ನನ್ನ ಕೆಲಸ ಇಲ್ಲಿ ಇನ್ನೂ ಎರಡು ವರ್ಷ ಇತ್ತು, ಬಿಟ್ಟು ಹೋಗುವ ಮನಸ್ಸೂ ಇರಲಿಲ್ಲ. ನಮ್ಮ ನಡುವೆ ಜಗಳವೇನಿಲ್ಲ, ಡಿವೋರ್ಸ್ ಗಿವೋರ್ಸ್ ಏನೂ ಇಲ್ಲ. ಉಳಿದದ್ದು ಒಂದೇ ಪ್ರಶ್ನೆ. ಮಗಳ ಸ್ಕೂಲು ಮುಗಿಯಲು ಇನ್ನೆರಡು ವರ್ಷ. ಆ ಎರಡು ವರ್ಷ ಅವಳು ಯಾರ ಜೊತೆ ಇರುತ್ತಾಳೆ? ಅದು ಮುಗಿದರೆ ಕಾಲೇಜು, ಹಾಸ್ಟೆಲು, ಆಮೇಲೆ ಅವಳ ದಾರಿ ಅವಳದು. ಹಾಗಾಗಿ ಒಂದೇ ಸೂರಿನಡಿ ಸಿಗುವ ಕೊನೆಯ ಎರಡು ವರ್ಷ ಅವು. ನಾವಿಬ್ಬರೂ ಮಹಾ ದೊಡ್ಡ ಮನಸ್ಸಿನವರಂತೆ, "ಅವಳೇ ಡಿಸೈಡ್ ಮಾಡ್ಲಿ" ಅಂದುಕೊಂಡೆವು. ನನಗೆ ಅವಳು ಬೇಕಿತ್ತು. ಅವಳಿಲ್ಲದ ಆ ಫ್ಲಾಟನ್ನು ನೆನೆಸಿಕೊಂಡರೆ ಎದೆ ಧಸಕ್ಕೆನ್ನುತ್ತಿತ್ತು. ಆದರೂ ಒಂದು ಸಲವಾದರೂ ಬಾಯಿಬಿಟ್ಟು ಹೇಳಿದೆನೇ? ಇಲ್ಲ. ಹೆತ್ತ ತಾಯಿಯ ಮನಸ್ಸು, ಮಗಳಿಗೆ ಅಷ್ಟೂ ಗೊತ್ತಾಗುವುದಿಲ್ಲವೇ ಎಂಬ ಧಿಮಾಕು ನನಗೆ.

ಮೂವರೂ ಒಟ್ಟಿಗೆ ಕೊನೆಯದಾಗಿ ಒಂದು ರಜೆ ಕಳೆಯೋಣ ಎಂದು ಹೊರಟೆವು. ಲಾಸ್ ಏಂಜಲೀಸಿನಲ್ಲಿ ನಾದಿನಿಯ ಮನೆ. ಅಲ್ಲಿಂದ ಮೆಕ್ಸಿಕೋ ಕರಾವಳಿಗೆ ಏಳು ದಿನದ ಹಡಗಿನ ಪ್ರಯಾಣ. ಅದು ಮಗಳ ಆಸೆ. ಸ್ಕೂಲಿನಲ್ಲಿ ಸ್ಪ್ಯಾನಿಷ್ ಕಲಿಯುತ್ತಿದ್ದಳು, ಆ ಭಾಷೆ ಆಡುವವರ ಜೊತೆ ನಿಜವಾಗಿ ಮಾತಾಡಬೇಕು ಅಂತ. ನನಗೆ ಹಡಗು ಹಿಡಿಸಲಿಲ್ಲ. ಎಲ್ಲಿ ನೋಡಿದರೂ ಕಾರ್ಪೆಟ್ಟು, ಎಲ್ಲಿ ಹೋದರೂ ಹಾಡು, ಇಪ್ಪತ್ತನಾಲ್ಕು ಗಂಟೆಯೂ ಯಾರೋ ಎಲ್ಲೋ ತಿನ್ನುತ್ತಲೇ ಇರುತ್ತಾರೆ.

ನಾಲ್ಕನೇ ದಿನ ಹಡಗು ಪುಯರ್ತೊ ವಯಾರ್ತ ಎಂಬ ಊರಿನಲ್ಲಿ ನಿಂತಿತು. ಅಲ್ಲಿ ಇಳಿದು ದಿನವಿಡೀ ಸುತ್ತಾಡಿ ಸಂಜೆ ವಾಪಸ್ ಹತ್ತಬೇಕು. ಯಾವ ಬಸ್ಸಿನಲ್ಲಿ ಎಲ್ಲಿಗೆ ಎಂದು ಮೊದಲೇ ಹೆಸರು ಕೊಡಬೇಕು. ಬೆಟ್ಟದ ಬುಡದ ಹಳ್ಳಿಯೊಂದರಲ್ಲಿ ಒಬ್ಬ ಅಜ್ಜಿ ತನ್ನ ಮನೆಯಲ್ಲೇ ಮುಸುಕಿನ ಜೋಳದ ರೊಟ್ಟಿ, ಅವರು ಟೋರ್ಟಿಯಾ ಅನ್ನುವುದನ್ನು, ತಟ್ಟಲು ಕಲಿಸುತ್ತಾಳೆ. ಮಗಳು ಅದಕ್ಕೆ ಉಳಿದಿದ್ದ ಎರಡೇ ಎರಡು ಜಾಗ ಹಿಡಿದಿದ್ದಳು. ಬೆಳಗಿನ ತಿಂಡಿಯ ಹೊತ್ತಿಗೆ ಬಂದು ಆ ಎರಡು ಚೀಟಿ ನನ್ನ ತಟ್ಟೆಯ ಪಕ್ಕ ಇಟ್ಟಳು.

"ಅಮ್ಮ, ಯೂ ಅಂಡ್ ಮೀ. ಕಮಿಂಗ್?"

ಹಿಂದಿನ ದಿನವೇ ನನಗೆ ಇದರ ಸುಳಿವು ಸಿಕ್ಕಿತ್ತು. ಬೆಳಗ್ಗೆ ಎದ್ದವಳೇ ಕ್ರೀಮು ಬಳಿದುಕೊಂಡು, ಹತ್ತಿಯ ಕುರ್ತಾ ಹಾಕಿ, ನಡೆಯುವ ಶೂ ಕೂಡ ಕಟ್ಟಿಕೊಂಡು ಬಂದು ಕೂತಿದ್ದೆ. ಅಷ್ಟೆಲ್ಲ ಸಿದ್ಧವಾಗಿ ಕೂತು ನಾನು ಹೇಳಿದ್ದೇನು?

"ಬೇಡ ಕಣೇ. ನಂಗೆ ಬಿಸಿಲು ಆಗಲ್ಲ. ನೀನೂ ಅಪ್ಪನೂ ಹೋಗ್ಬನ್ನಿ."

ಹೇಳಿ, ಎರಡನೇ ಸಲ ಕೇಳಲಿ ಎಂದು ಬ್ರೆಡ್ಡಿಗೆ ಬೆಣ್ಣೆ ಸವರುತ್ತಾ ಕಾದೆ.

"ಓಕೆ," ಅಂದಳು ಮಗಳು. ಚೀಟಿಗಳನ್ನು ಎತ್ತಿಕೊಂಡು ಒಂದನ್ನು ಅವಳಪ್ಪನ ಕೈಗೆ ಕೊಟ್ಟಳು. ಮುಖದಲ್ಲಿ ಬೇಜಾರಿತ್ತೋ ಇಲ್ಲವೋ, ನಾನು ತಲೆ ಎತ್ತಿ ನೋಡಲಿಲ್ಲ. ಗಂಡ ಒಂದು ಕ್ಷಣ ಮೇಜಿನ ಕೆಳಗೆ ನನ್ನ ಶೂ ನೋಡಿದರು. ಆ ಮನುಷ್ಯನೂ ಮೈಸೂರಿನವರೇ, ನನ್ನ 'ಬೇಡ' ಎಂಥ 'ಬೇಡ' ಎಂದು ಇಪ್ಪತ್ತು ವರ್ಷದಿಂದ ಬಲ್ಲವರು. "ಸರಿ ಹಾಗಾದ್ರೆ," ಎಂದು ಎದ್ದುಬಿಟ್ಟರು. ನನಗೆ ಮೈಯೆಲ್ಲ ಉರಿದುಹೋಯಿತು.

ಆ ದಿನ ಹೇಗೆ ಕಳೆಯಿತು ಎಂದು ಕೇಳಬೇಡಿ. ಮೇಲಿನ ಅಂತಸ್ತಿಗೆ ಹೋಗಿ ಕಂಬಿ ಹಿಡಿದು ನಿಂತೆ. ಕೆಳಗೆ ಸಾಲಾಗಿ ನಿಂತಿದ್ದ ಬಸ್ಸುಗಳಲ್ಲಿ ಅವರಿಬ್ಬರು ಹತ್ತಿದ ಬಿಳಿ ಬಸ್ಸು ತಿರುವಿನಲ್ಲಿ ಮರೆಯಾಗುವವರೆಗೂ ನೋಡಿದೆ. ಒಂದು ಸಲ ಮೇಲೆ ನೋಡಬಾರದೇ ಇವಳು, ಅಂದುಕೊಂಡೆ. ನೋಡಲಿಲ್ಲ. ನಾನು ಅಲ್ಲಿದ್ದೇನೆ ಎಂದು ಅವಳಿಗೆ ಹೇಗೆ ಗೊತ್ತಾಗಬೇಕು? ಆದರೆ ಕೋಪ ಬಂದಾಗ ಅಂಥ ನ್ಯಾಯವೆಲ್ಲ ಯಾರಿಗೆ ಬೇಕು. ನೆರಳಿನ ಕುರ್ಚಿಯಲ್ಲಿ ಮೂತಿ ಊದಿಸಿಕೊಂಡು ಕೂತೆ. ಹಡಗಿನ ಹುಡುಗಿಯೊಬ್ಬಳು ಬಂದು ಕಾಫಿ ಬೇಕಾ ಮೇಡಂ ಅಂದಳು. ಬಾಯಿ ತಾನಾಗಿಯೇ ನೋ ಥ್ಯಾಂಕ್ಸ್ ಅಂದುಬಿಟ್ಟಿತು. ಅವಳು ನಕ್ಕು ಮುಂದಿನ ಕುರ್ಚಿಗೆ ಹೋದಳು. ಕಾಫಿಗಾಗಿ ನಾಲಗೆ ಒಣಗುತ್ತಿತ್ತು. ಥೂ ನನ್ನ ಜನ್ಮಕ್ಕಿಷ್ಟು, ಎಂದು ನನ್ನನ್ನೇ ಬೈದುಕೊಂಡೆ.

ಊರಿಗೆ ಒಬ್ಬಳೇ ಇಳಿಯಬಹುದಿತ್ತು. ಮಧ್ಯಾಹ್ನ ಇಳಿಯುವ ಬಾಗಿಲ ತನಕ ಹೋಗಿಯೂ ಹೋದೆ. ಬಿಸಿಗಾಳಿ ಮುಖಕ್ಕೆ ರಾಚಿತು, ಆಚೆ ಬಣ್ಣದ ಟೋಪಿ ಮಾರುವವರು ಕೂಗುತ್ತಿದ್ದರು. ಇಳಿದರೆ ಸೋತ ಹಾಗೆ ಅನ್ನಿಸಿತು. ಯಾರಿಗೆ ಸೋಲುವುದು? ನನ್ನನ್ನು ಯಾರೂ ಆಟಕ್ಕೇ ಕರೆದಿರಲಿಲ್ಲ. ವಾಪಸ್ ಬಂದು ರೂಮಿನಲ್ಲಿ ಮಲಗಿದೆ, ನಿದ್ದೆ ಬರಲಿಲ್ಲ. ಅಪ್ಪ ಮಗಳು ಈಗ ಏನು ಮಾತಾಡುತ್ತಿರಬಹುದು ಎಂದು ಯೋಚಿಸುತ್ತ ಮಗ್ಗುಲು ಬದಲಿಸಿದೆ. ಗಂಡ ಅಂಥ ಮಾತಿನವರಲ್ಲ, ಸುಮ್ಮನೆ ಕಿಟಕಿಯಾಚೆ ನೋಡುತ್ತ ಕೂತಿರುತ್ತಾರೆ ಎಂದು ಸಮಾಧಾನ ಹೇಳಿಕೊಂಡೆ.

ನಾಲ್ಕು ಗಂಟೆಗೆ ಬಂದರು. ಮಗಳ ಮೂಗು ಬಿಸಿಲಿಗೆ ಕೆಂಪಾಗಿತ್ತು, ಕೂದಲಿಗೆ ಸೌದೆಯ ಹೊಗೆ ಹತ್ತಿತ್ತು, ಉಗುರಿನ ಸಂದಿಯಲ್ಲಿ ಹಿಟ್ಟು. ಕಾಗದದಲ್ಲಿ ಸುತ್ತಿದ್ದ ಒಂದು ರೊಟ್ಟಿ ಮುಂದೆ ಹಿಡಿದಳು. ತಾನೇ ತಟ್ಟಿದ್ದಂತೆ, ಆ ಅಜ್ಜಿ ತನ್ನ ಸ್ಪ್ಯಾನಿಷ್ ಹೊಗಳಿದಳಂತೆ.

"ನಂದು ಊಟ ಆಯ್ತು," ಅಂದೆ.

ಅವಳು ರೊಟ್ಟಿಯನ್ನು ಮೇಜಿನ ಮೇಲಿಟ್ಟಳು. ಗಂಡ ಸ್ನಾನಕ್ಕೆ ಹೋದರು. ಇನ್ನೂ ಬೆಳಕಿತ್ತು, ಹಡಗು ನಿಧಾನವಾಗಿ ದಡ ಬಿಡುತ್ತಿತ್ತು. ಮಗಳು ಮಂಚದ ತುದಿಯಲ್ಲಿ ಕೂತು, ಶೂ ಬಿಚ್ಚುತ್ತ, ನನ್ನ ಕಡೆ ನೋಡದೆ ಇಂಗ್ಲಿಷಿನಲ್ಲಿ ಕೇಳಿದಳು: ನಾನು ನೈರೋಬಿಯಲ್ಲೇ ನಿನ್ನ ಜೊತೆ ಇರಬೇಕು ಅಂತ ನಿನಗೆ ಆಸೆ ಇದೆಯಾ?

ದೇವರೇ, ಇದಕ್ಕಾಗಿ ನಾನು ತಿಂಗಳುಗಟ್ಟಲೆ ಕಾದಿದ್ದೆ. ಹೂಂ ಅಂದರೆ ಮುಗಿಯುತ್ತಿತ್ತು. ಆದರೆ ಬೆಳಗಿನಿಂದ ಕಾವು ಕೊಟ್ಟು ಕಾಪಾಡಿದ ಕೋಪ ಎದೆಯಲ್ಲಿ ಗಟ್ಟಿಯಾಗಿ ಕೂತಿತ್ತು. ಅದರ ಮೇಲೆ ನನ್ನ ಹಳೆಯ ಚಾಳಿ. ಕೇಳಿದ ತಕ್ಷಣ ಹೂಂ ಅನ್ನುವುದೇ?

"ನಂಗೇನಮ್ಮ, ನಿನ್ನಿಷ್ಟ. ನಾನು ಹೇಗೋ ಇರ್ತೀನಿ."

ಅವಳು ಇನ್ನೊಂದು ಶೂ ಬಿಚ್ಚಿದಳು. ಎರಡನ್ನೂ ಜೋಡಿಸಿ ಮಂಚದ ಕೆಳಗೆ ತಳ್ಳಿದಳು. "ಓಕೆ," ಅಂದಳು.

ನೈರೋಬಿಗೆ ಮರಳಿದ ವಾರದಲ್ಲೇ ಅಪ್ಪನ ಜೊತೆ ಹೋಗುತ್ತೇನೆ ಎಂದು ತಿಳಿಸಿದಳು. ನಾನು ನಕ್ಕು, ಒಳ್ಳೆಯದಾಯಿತು ಅಂದೆ. ಅವಳಿಗೆ ಹಿಡಿಸುವ ಚಟ್ನಿಪುಡಿ ಮಾಡಿಕೊಡಲು ನ್ಗಾರಾದ ಇಂಡಿಯನ್ ಅಂಗಡಿಗೆ ಹೋಗಿ ಕರಿಬೇವು, ಹುಣಸೆಹಣ್ಣು ತಂದೆ. ಬೆಂಗಳೂರಿಗೆ ಹೋಗುವವಳಿಗೆ ನೈರೋಬಿಯಿಂದ ಚಟ್ನಿಪುಡಿ! ಏರ್‌ಪೋರ್ಟಿನಲ್ಲೂ ನಾನು ಅಳಲಿಲ್ಲ, ಮನೆಗೆ ಬಂದು ಅಡುಗೆಮನೆಯ ನೆಲದ ಮೇಲೆ ಕೂತು ಅತ್ತೆ. ಮನೆಕೆಲಸದ ಹೆಂಗಸು ಏನೂ ಕೇಳದೆ ಪಕ್ಕದಲ್ಲಿ ಬಂದು ಕೂತಳು.

ಅದಾಗಿ ಎಂಟು ತಿಂಗಳು. ಕಳೆದ ಭಾನುವಾರ ಮಗಳು ಫೋನ್ ಮಾಡಿದ್ದಳು. ಏನೇನೋ ಮಾತಾಡುತ್ತಿದ್ದೆವು, ಟ್ಯೂಷನ್ನು, ಟ್ರಾಫಿಕ್ಕು. ನನಗೆ ಎರಡು ದಿನದಿಂದ ಜ್ವರ; ಅದರ ಸುಸ್ತೋ ಏನೋ, ಬಾಯಿಂದ ಬಂದೇಬಿಟ್ಟಿತು.

"ನೀನು ಇಲ್ಲೇ ಇರ್ಬೇಕು ಅಂತ ತುಂಬಾ ಆಸೆ ಇತ್ತು ಕಣೇ ನಂಗೆ. ಅವತ್ತು ಹೇಳ್ಲಿಲ್ಲ."

ಫೋನ್ ಕಟ್ಟಾಯಿತೇನೋ ಎಂದು ಹಲೋ ಅಂದೆ. ಆಮೇಲೆ ಅವಳು ಮಾತಾಡಿದಳು, ಕನ್ನಡದಲ್ಲಿ. ಬೆಂಗಳೂರಿಗೆ ಹೋದಮೇಲೆ ಕಲಿತ ಕನ್ನಡ, ಇನ್ನೂ ತಡವರಿಸುತ್ತದೆ.

"ಅವತ್ತು ಬಸ್ಸಲ್ಲಿ ಅಪ್ಪ ಅತ್ತುಬಿಟ್ರು ಅಮ್ಮ. ನನ್ ಜೊತೆ ಬಾ, ನೀನಿಲ್ದೆ ಇರಕ್ಕಾಗಲ್ಲ ಅಂದ್ರು. ನಾನು ಪ್ರಾಮಿಸ್ ಮಾಡ್ಲಿಲ್ಲ. ಫಸ್ಟ್ ಅಮ್ಮನ್ನ ಕೇಳ್ತೀನಿ, ಅವ್ಳು ಇರು ಅಂದ್ರೆ ಇರ್ತೀನಿ ಅಂದೆ. ಬಂದು ಕೇಳ್ದೆ. ನೀನು ಅನ್ಲಿಲ್ಲ."