ಅಣ್ಣನ ಅನುಮತಿ ತೆಗೆದ ದಿನ

ತೊಂಬತ್ತರ ದಶಕದ ನಡುವಿನ ಮಾತು. ಪಾಂಡವಪುರದಾಚೆ ಒಂದು ಖಾಸಗಿ ನೂಲಿನ ಗಿರಣಿಯಲ್ಲಿ ನನಗೆ ಕಂಪ್ಯೂಟರ್ ಕೋಣೆಯ ಕೆಲಸ ಸಿಕ್ಕಿತ್ತು. ಇಡೀ ಗಿರಣಿಗೆ ಒಂದೇ ದೊಡ್ಡ ಯಂತ್ರ, ಸರ್ವರ್ ಎನ್ನುತ್ತಿದ್ದೆವು. ಕಚೇರಿ, ಉಗ್ರಾಣ, ಗೇಟಿನಲ್ಲಿದ್ದ ಪರದೆಗಳಿಗೆಲ್ಲ ಅದರಿಂದಲೇ ತಂತಿ ಹೋಗಿತ್ತು. ಯಾರು ಯಾವ ದಾಖಲೆ ನೋಡಬಹುದು, ಯಾರು ತಿದ್ದಬಹುದು ಎಂದು ಕಾಯುವ ಸಾಫ್ಟ್‌ವೇರ್ ಒಂದಿತ್ತು. ಅದರ ಉಸ್ತುವಾರಿ ನನ್ನದು. ಮೌಸು ಗೀಸು ಏನೂ ಇಲ್ಲ. ಕಪ್ಪು ಪರದೆಯ ಮೇಲೆ ಒಂದು ಸಾಲು ಕಮಾಂಡ್ ಟೈಪ್ ಮಾಡಿ ಎಂಟರ್ ಒತ್ತಿದರೆ ಒಬ್ಬರಿಗೆ ಅನುಮತಿ ಸಿಗುತ್ತಿತ್ತು, ಇನ್ನೊಂದು ಸಾಲು ಟೈಪ್ ಮಾಡಿದರೆ ಅದು ರದ್ದಾಗುತ್ತಿತ್ತು.

ಹತ್ತಿಯ ಧೂಳು ಬರಬಾರದೆಂದು ಆ ಕೋಣೆಗೆ ಬೇರೆಯವರನ್ನು ಬಿಡುತ್ತಿರಲಿಲ್ಲ. ಎಲ್ಲರ ಹೆಸರೂ ನನಗೆ ಗೊತ್ತಿತ್ತು, ಮುಖ ಗೊತ್ತಿದ್ದದ್ದು ಕೆಲವರದೇ. ಸಂಜೆ ಬಾಡಿಗೆ ರೂಮಿನಲ್ಲೂ ಮಾತಿಲ್ಲ. ನಮ್ಮೂರು ಸಂತೆಬಾಚಹಳ್ಳಿಯ ಮನೆಗೆ ಹೋಗುತ್ತಿದ್ದದ್ದು ಎಂದೋ ಒಂದು ಭಾನುವಾರ.

ನನ್ನನ್ನು ಮಾತಾಡಿಸಿದವರು ಉಗ್ರಾಣದ ಗುಮಾಸ್ತರೊಬ್ಬರೇ. ಹೊಣಕೆರೆ ಕಡೆಯವರು, ನನಗಿಂತ ಹತ್ತು ವರ್ಷ ದೊಡ್ಡವರು. ಒಂದು ದಿನ ಊಟದ ಹೊತ್ತಿನಲ್ಲಿ ಹೊಂಗೆ ಮರದಡಿಯಿಂದ ಕರೆದರು. "ಒಬ್ನೇ ಏನ್ ಉಣ್ತೀಯ, ಬಾರ್ಲಾ ಇಲ್ಲಿ." ಅಂದಿನಿಂದ ಅವರ ರಾಗಿ ರೊಟ್ಟಿ, ಹುಚ್ಚೆಳ್ಳು ಚಟ್ನಿಯಲ್ಲಿ ನನಗೂ ಪಾಲು. ನಾನು ಅವರನ್ನು ಅಣ್ಣ ಎನ್ನುತ್ತಿದ್ದೆ.

ಒಂದು ಬೆಳಿಗ್ಗೆ ಮ್ಯಾನೇಜರು ಕರೆಸಿದರು. ಹತ್ತಿ ಬೇಲುಗಳ ದಾಸ್ತಾನಿನ ಲೆಕ್ಕವನ್ನು ಯಾರೋ ತಿದ್ದಿದ್ದರು, ತಿದ್ದಿದವರ ಜಾಗದಲ್ಲಿ ಅಣ್ಣನ ಹೆಸರಿತ್ತು. ಅವರ ಅನುಮತಿಯನ್ನು ಈಗಲೇ ತೆಗೆಯಬೇಕು, ಅವರಿಗೆ ತಿಳಿಸಕೂಡದು ಎಂದರು. ಅವರ ಪಾಸ್‌ವರ್ಡ್ ಬೇರೆ ಯಾರಿಗಾದರೂ ಗೊತ್ತಿತ್ತೇ ಎಂದೂ ಕೇಳಿದರು. ಅಣ್ಣ ಅದನ್ನು ಚೀಟಿಯಲ್ಲಿ ಬರೆದು ಪರದೆಯ ಪಕ್ಕಕ್ಕೇ ಅಂಟಿಸಿದ್ದರು. ನಾನು ಅದನ್ನು ನೋಡಿ ನಕ್ಕು ಸುಮ್ಮನಾಗಿದ್ದವನು. ಹೇಳಿದರೆ ನನ್ನ ಮೇಲೂ ಬರುತ್ತದೆಂದು ಹೆದರಿ, ಗೊತ್ತಿಲ್ಲ ಸಾರ್ ಎಂದುಬಿಟ್ಟೆ.

ಕೋಣೆಗೆ ಬಂದು ಅನುಮತಿ ತೆಗೆಯುವ ಸಾಲನ್ನು ಟೈಪ್ ಮಾಡಿದೆ. ಸ್ವಲ್ಪ ಹೊತ್ತಿಗೆ ಇಂಟರ್‌ಕಾಮ್ ಫೋನು ಬಡಿದುಕೊಂಡಿತು, ಉಗ್ರಾಣದಿಂದ ಅಣ್ಣ.

"ಲೇ, ಯಾಕೋ ಒಳೀಕೆ ಬುಡ್ತಾ ಇಲ್ಲ ಕಣ್ಲಾ ಇದು. ನೋಡು ವಸಿ."

"ನೋಡ್ತೀನಿ ಕಣಣ್ಣ," ಎಂದು ಫೋನ್ ಇಟ್ಟೆ.

ಮಧ್ಯಾಹ್ನದ ಹೊತ್ತಿಗೆ ಮ್ಯಾನೇಜರು ಅವರನ್ನು ಕರೆಸಿ ವಿಷಯ ಹೇಳಿದ್ದರು. ಅಲ್ಲಿಂದ ಅಣ್ಣ ನೇರ ನನ್ನ ಕೋಣೆಯ ಬಾಗಿಲಿಗೆ ಬಂದು, ಒಳಗೆ ಕಾಲಿಡದೆ ನಿಂತರು.

"ನೀನೇ ತೆಗ್ದಿದ್ದಾ?"

"ಊಂ ಕಣಣ್ಣ. ಹೇಳ್ಬೇಡ ಅಂದಿದ್ರು."

"ಅಂದಿದ್ರೆ ಅನ್ಲಿ ಬುಡು. ನೀನು ನೋಡ್ತೀನಿ ಅಂದ್ಯಲ್ಲ ಅಂತ ಅರ್ಧ ಗಂಟೆ ಅದ್ನೇ ಒತ್ತುತಾ ಕುಂತಿದ್ದೆ ಕಣ್ಲಾ."

ಅವರು ಹೊರಟುಹೋದರು.

ವಿಚಾರಣೆ ಕೆಲವು ವಾರ ನಡೆಯಿತು. ದಾಖಲೆ ತಿದ್ದಿದ ದಿನ ಅವರು ರಜೆ ಹಾಕಿ ತೊಣ್ಣೂರಿನಲ್ಲಿ ನೆಂಟರ ಮದುವೆಯಲ್ಲಿದ್ದರು, ಅವರ ಪಾಸ್‌ವರ್ಡನ್ನು ಬೇರೊಬ್ಬ ಬಳಸಿದ್ದ ಎಂದು ಗೊತ್ತಾಯಿತು. ಅನುಮತಿ ವಾಪಸು ಕೊಡಲು ಹೇಳಿದ ಕೂಡಲೇ ಓಡಿಬಂದು ಟೈಪ್ ಮಾಡಿದೆ. ಅವಸರದಲ್ಲಿ ಎರಡು ಸಲ ಕಾಗುಣಿತ ತಪ್ಪಿತು. ಆಮೇಲೆ ನಾನೇ ಫೋನ್ ಮಾಡಿದೆ. ಈಗ ಒಳಗೆ ಹೋಗುತ್ತದೆ, ನೋಡಣ್ಣ ಎಂದೆ.

ಕೀಲಿಮಣೆಯ ಸದ್ದು ಕೇಳಿಸಿತು. "ಬಂತು. ಉಪಕಾರ ಆಯ್ತು ಸಾರ್," ಎಂದರು.

ಅಲ್ಲಿಂದಾಚೆಗೆ ನಾನು ಅವರಿಗೆ ಸಾರ್ ಆಗಿಯೇ ಉಳಿದೆ. ಅವರು ಉಗ್ರಾಣದೊಳಗೇ ಹಮಾಲರ ಜೊತೆ ಊಟ ಮಾಡತೊಡಗಿದರು. ಒಂದೆರಡು ದಿನ ಹೊಂಗೆ ಮರದಡಿ ಕಾದೆ. ಆಮೇಲೆ ಡಬ್ಬಿಯನ್ನು ಕೋಣೆಯ ಹೊಸ್ತಿಲಲ್ಲೇ ಬಿಚ್ಚುವುದು ಅಭ್ಯಾಸವಾಯಿತು. ಚೀಟಿಯ ವಿಷಯ ಮ್ಯಾನೇಜರಿಗೆ ಮುಚ್ಚಿಟ್ಟಿದ್ದನ್ನು ಬಾಯಿಬಿಟ್ಟು ಹೇಳಬೇಕೆಂದು ಎಷ್ಟೋ ಸಲ ಉಗ್ರಾಣದವರೆಗೆ ಹೋಗಿ ತಿರುಗಿ ಬಂದಿದ್ದೇನೆ.

ಮರುವರ್ಷ ಶ್ರೀರಂಗಪಟ್ಟಣದ ಒಂದು ಕಚೇರಿಯಲ್ಲಿ ಕೆಲಸ ಸಿಕ್ಕಿತು. ಕೊನೆಯ ದಿನ ಉಗ್ರಾಣಕ್ಕೆ ಹೋಗಿ, ಬರ್ತೀನಿ ಅಣ್ಣ ಎಂದೆ. ಅವರು ಕುರ್ಚಿಯಿಂದೆದ್ದು ಕೈ ಮುಗಿದರು. ನನಗೆ ಅದನ್ನು ನೋಡಲಾಗಲಿಲ್ಲ. ಬೇಗ ಹೊರಗೆ ಬಂದು, ಬಸ್ಸಿಗೂ ಕಾಯದೆ ಪಾಂಡವಪುರದವರೆಗೆ ನಡೆದೇ ಹೋದೆ.