ಸದ್ದಿಲ್ಲದ ಗಾಡಿ ಮತ್ತು ನಮ್ಮ ಸಾಹೇಬರು

ನಮ್ಮ ಸಾಹೇಬರ ಬಲಗೈ ಸದಾ ಬೆಚ್ಚಗಿರುತ್ತಿತ್ತು. ಇರದೇನು! ಬಂದ ಕಾರಿನ ಬಾನೆಟ್ ಮೇಲೆ ಅಂಗೈಯಿಟ್ಟು, ಕಣ್ಣು ಮುಚ್ಚಿ ಎಂಜಿನ್ನಿನ ಸದ್ದು ಕೇಳುವುದೇ ಅವರ ಚಟ. "ಇದರ ಗಂಟ್ಲ ಕಟ್ಟೈತಿ, ಆಯಿಲ್ ಬದಲ್ ಮಾಡ್ರಿ" ಎನ್ನುವರು. ಊರಿನ ಕ್ಯಾಂಪ್ ಬಡಾವಣೆಯ ಕಾರ್ ಷೋರೂಮಿನಲ್ಲಿ ಮ್ಯಾನೇಜರಾಗಿದ್ದುಕೊಂಡೇ ತಲೆ ನರೆತವರು.

ಎರಡು ಸಾವಿರದ ಇಸವಿಯ ಆಸುಪಾಸು ಪೀರನವಾಡಿಯಲ್ಲಿ ಬ್ಯಾಟರಿ ಟೆಂಪೊ ಮಾಡುವ ಕಂಪನಿಯೊಂದು ಶುರುವಾಯಿತು. ಮಾಲೀಕರು ಸಾಹೇಬರನ್ನೇ ಮುಖ್ಯಸ್ಥರಾಗಿ ಕರೆದರು. ಷೋರೂಮಿನಲ್ಲಿ ಅವರ ಕೈಕೆಳಗಿದ್ದ ನಾನೂ ಅವರ ಬೆನ್ನಿಗೆ ಹೋದೆ. ಮೊದಲ ದಿನ ಟೆಂಪೊದ ಮೂತಿಯ ಮೇಲೆ ಕೈಯಿಟ್ಟು ನಿಂತರು. ಸದ್ದೇ ಇಲ್ಲ. "ಚಾಲೂ ಐತೇನೋ ಇದು?" ಎಂದರು. ನಾನು ನಕ್ಕೆ. ಅವರು ನಗಲಿಲ್ಲ.

ಖಾನಾಪುರದ ಕಿರಾಣಿ ವ್ಯಾಪಾರಿಯೊಬ್ಬರು, ಸಾಹೇಬರ ಹಳೇ ಗಿರಾಕಿ, ಮೂರು ಗಾಡಿ ನೋಡೋಣ ಎಂದಿದ್ದರು. ಅವು ಮಾರಾಟವಾಗದಿದ್ದರೆ ಸಾಹೇಬರ ಕುರ್ಚಿ ಬೇರೆಯವರಿಗೆ ಎಂದು ಮಾಲೀಕರು ಬಾಯಿಬಿಟ್ಟೇ ಹೇಳಿದ್ದರು. ಗಾಡಿ ತೋರಿಸಲು ನಾವಿಬ್ಬರೂ ಓಡಿಸಿಕೊಂಡೇ ಹೋದೆವು. ಗಿರಾಕಿಯ ಮನೆಮಂದಿಯನ್ನೆಲ್ಲ ಹತ್ತಿಸಿ ಊರು ಸುತ್ತಿಸುವುದು ಕಾರ್ ಮಾರುವಾಗಿನ ಅವರ ರೂಢಿ. ಇಲ್ಲಿಯೂ ಅಜ್ಜಿಯಿಂದ ಮೊಮ್ಮಕ್ಕಳವರೆಗೆ ಎಲ್ಲರನ್ನೂ ಹತ್ತಿಸಿದರು.

"ಸಾಹೇಬ್ರ, ಚಾರ್ಜ್ ಸಾಲಂಗಿಲ್ರಿ" ಎಂದೆ.

"ಮುಳ್ಳು ಇನ್ನೂ ಅರ್ಧಕ್ಕ ಐತಿ, ಸುಮ್ನಿರು."

ನಿಧಾನಕ್ಕೆ ಇಳಿಯುವ ಡೀಸೆಲ್ ಮುಳ್ಳನ್ನು ನಂಬಿದ ಜೀವ ಅದು. ಊರ ಹೊರಗಿನ ಏರಿನಲ್ಲಿ ಬ್ಯಾಟರಿಯ ಮುಳ್ಳು ಒಮ್ಮೆಲೇ ಬಿತ್ತು, ಗಾಡಿ ನಿಂತಿತು. ಸಾಹೇಬರು ಎಲ್ಲರನ್ನೂ ಇಳಿಸಿ, "ನೂಕ್ರಿ, ಚಾಲೂ ಆಗ್ತೈತಿ" ಎಂದರು! ಅಜ್ಜಿಯೂ ಕೈಹಚ್ಚಿದಳು, ಪಾಪ. ನೂಕಿದರೆ ಚಾಲೂ ಆಗಲು ಅದರಲ್ಲಿ ಎಂಜಿನ್ ಎಲ್ಲಿತ್ತು? ಅದು ಅವರಿಗೂ ಹೊಳೆಯಿತು. ಮೂತಿಯ ಮೇಲೆ ಕೈಯಿಟ್ಟು ಹಾಗೇ ನಿಂತುಬಿಟ್ಟರು.

ವ್ಯಾಪಾರಿ ಬೆವರೊರೆಸಿಕೊಂಡರು. "ಇರ್ಲಿ ಬಿಡ್ರಿ ಸಾಹೇಬ್ರ. ನೀವು ತಗೋ ಅಂದ್ರ ಮೂರೂ ತಗೋತೀನಿ."

ನನಗೆ ಹೋದ ಜೀವ ಬಂದಂತಾಯಿತು. ಸಾಹೇಬರು ತಲೆ ಎತ್ತಲಿಲ್ಲ. "ಬ್ಯಾಡ್ರಿ. ನನಗ ತಿಳೀಲಾರದ್ದನ್ನ ನಿಮ್ಮ ಕೊರಳಿಗೆ ಹ್ಯಾಂಗ ಕಟ್ಲಿ?"

ಆ ವಾರವೇ ಅವರನ್ನು ಕೆಲಸದಿಂದ ಬಿಡಿಸಿದರು. ಬ್ಯಾಟರಿ ಬಲ್ಲ ಜಾಣ ಎಂಜಿನಿಯರ್ ಬಂದ. ಅವನ ಮಾತನ್ನು ಖಾನಾಪುರದಲ್ಲಿ ಒಬ್ಬರೂ ನಂಬಲಿಲ್ಲ. ಕಂಪನಿ ಮುಚ್ಚಿತು. ಇನ್ಯಾರನ್ನು ತಂದು ಕೂರಿಸಬೇಕಿತ್ತೋ, ನನಗಂತೂ ಇಂದಿಗೂ ತಿಳಿದಿಲ್ಲ.

ಕೆಲ ವರ್ಷಗಳ ಮೇಲೆ ಸಾಹೇಬರು ವಡಗಾವಿಯ ಮನೆಯಲ್ಲಿ ತೀರಿಕೊಂಡರು. ಆ ವ್ಯಾಪಾರಿ ಬಂದು ಕಾಲ ಬಳಿ ಕುಳಿತಿದ್ದರು. "ತಗೋಬ್ಯಾಡ ಅಂದ ಮಾರಾಟದ ಮನಷ್ಯಾ ಇವರೊಬ್ರ ನೋಡ್ರಿ, ಖರೇ" ಎಂದು ಅತ್ತರು.

ನಾನು ಸಾಹೇಬರ ಬಲಗೈ ಹಿಡಿದೆ. ತಣ್ಣಗಿತ್ತು. ಏನು ಮಾಡಲಿ, ಹಿಡಿದುಕೊಂಡೇ ಕೂತೆ.