ಜೋಳದ ಕಾಳಿನಷ್ಟು ಹೊಲಿಗೆ

ಬೇಸಿಗೆಯಲ್ಲಿ ಭೀಮರಾಯನಗುಡಿಯ ನೀರಾವರಿ ಕ್ಯಾಂಪಿನ ಮನೆಗಳಿಗೆ ಬೆಳಗಾಗುವುದು ನೀರಿನಿಂದ. ಅಂದೂ ಹಾಗೇ ಆಯಿತು. ನಲ್ಲಿ ಬರುವ ಮೊದಲೇ ಎದ್ದು ಅಂಗಳಕ್ಕೆ ನೀರು ಚಿಮುಕಿಸಿದೆ, ಕೂಲರಿನ ತೊಟ್ಟಿ ತುಂಬಿಸಿದೆ, ಬೇವಿನ ಹೂ ಗುಡಿಸಿದೆ. ಹೂವೆಂದರೆ ಹೂವಿನಂತಿರುವುದಿಲ್ಲ ಅದು, ಬೆಳ್ಳನೆಯ ತರಿ. ಗುಡಿಸಿ ಬೆನ್ನು ತಿರುಗಿಸುವಷ್ಟರಲ್ಲಿ ಮತ್ತೆ ಅಷ್ಟೇ ಉದುರಿರುತ್ತದೆ. ಒಳಗೆ ಕೂಸಿಗೆ ಎರೆಯುವ ನೀರು ಕಾಯುತ್ತಿತ್ತು. ಶಹಾಪುರದ ಕಡೆಯ ಗುಡ್ಡ, ಮಲಗಿದ ಬುದ್ಧನಂತೆ ಕಾಣುವುದು, ಇನ್ನೂ ನೀಲಿಯಾಗಿಯೇ ಇತ್ತು. ಬಿಸಿಲೇರಿತೆಂದರೆ ಅದು ಬರೀ ಬಂಡೆ. ಆ ನೀಲಿ ಇರುವಷ್ಟು ಹೊತ್ತು ನಾನು ಪೊರಕೆ ಹಿಡಿದು ಸುಮ್ಮನೆ ನಿಂತಿರುತ್ತೇನೆ, ಯಾರೂ ಕೇಳುವುದಿಲ್ಲ.

ಅಂದು ಸಂಜೆ ನನ್ನ ನಾದಿನಿ ಬಾಣಂತನ ಮುಗಿಸಿ, ಕೂಸಿನೊಂದಿಗೆ ಸುರಪುರದ ಗಂಡನ ಮನೆಗೆ ಹೊರಡುವವಳಿದ್ದಳು. ದೀಪ ಹಚ್ಚುವ ಹೊತ್ತಿನಲ್ಲಿ ಎಳೆಗೂಸು ದಾರಿಯ ಮೇಲಿರಬಾರದೆಂದು, ಬಿಸಿಲು ತಗ್ಗಿದ ಕೂಡಲೇ ಜೀಪು ತರುವುದಾಗಿ ಅವಳ ಗಂಡ ಫೋನು ಮಾಡಿ ಹೇಳಿದ್ದರು. ಡಬ್ಬಿ, ಬುಟ್ಟಿ, ಅಂಟಿನುಂಡೆ, ಎಲ್ಲ ಸಿದ್ಧವಾಗಿತ್ತು. ಕೂಸಿನ ಕೌದಿಯೊಂದೇ ಮುಗಿದಿರಲಿಲ್ಲ.

ನಮ್ಮ ಕಡೆ ಕೌದಿಯೆಂದರೆ ಹಳೆಯ ಸೀರೆ, ಧೋತರಗಳನ್ನು ಪದರಪದರವಾಗಿ ಹಾಸಿ, ಅಂಚಿನಿಂದ ಸುತ್ತುಸುತ್ತಾಗಿ ನಡುವಿನತ್ತ ಹೊಲಿಯುತ್ತ ಹೋಗುವ ಹೊದಿಕೆ. ನನ್ನ ಅತ್ತೆಯ ಮೊಮ್ಮಕ್ಕಳಲ್ಲಿ ಅವರು ಹೊಲಿದ ಕೌದಿಯಿಲ್ಲದೆ ತೊಟ್ಟಿಲು ಕಂಡವರು ಒಬ್ಬರೂ ಇಲ್ಲ. ಈ ವರ್ಷ ಯುಗಾದಿಗೆ ಮುಂಚೆ ಅವರು ಬಚ್ಚಲಲ್ಲಿ ಜಾರಿ ಬಿದ್ದು ಬಲಗೈ ಮಣಿಕಟ್ಟು ಮುರಿಯಿತು. ಪಟ್ಟಿ ಬಿಚ್ಚಿದ ಮೇಲೂ ಬೆರಳುಗಳು ಸೂಜಿ ಹಿಡಿಯಲು ಒಲ್ಲೆ ಎಂದವು. ಅದೇ ಹೊತ್ತಿಗೆ ಕಿರಿಮಗಳ ಚೊಚ್ಚಲ ಕೂಸು ಬಂತು.

"ಅಂಗಡಿ ದುಪ್ಪಟಿ ಹೊತ್ಕೊಂಡು ಹೋಗ್ತದ ಹಂಗಾರ ನನ್ನ ಮೊಮ್ಮಗಳು," ಎಂದು ಒಂದು ಮಧ್ಯಾಹ್ನ ಅತ್ತೆ ಗೋಡೆಗೆ ಹೇಳಿದರು. ಗೋಡೆಯ ಪಕ್ಕದಲ್ಲಿ ಕೂತಿದ್ದವಳು ನಾನು.

ಹೊಲಿಗೆ ನನಗೆ ಬಾರದ್ದಲ್ಲ. ನಾನು ಓದಿದ ಕಾನ್ವೆಂಟಿನಲ್ಲಿ ಸಿಸ್ಟರೊಬ್ಬರು ನಮ್ಮ ಕರವಸ್ತ್ರಗಳನ್ನು ಮಗುಚಿ, ಹಿಂಬದಿಯನ್ನೇ ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತಿದ್ದರು. ಹೊಲಿಗೆ ಕಣ್ಣಿಗೆ ಬೀಳಬಾರದು, ಬಿದ್ದರೆ ಬಿಚ್ಚಬೇಕು. ಆ ಕೈಯಲ್ಲೇ ನಾನು ಕೌದಿಯ ಮೊದಲ ಸುತ್ತುಗಳನ್ನು ಹಾಕಿದೆ, ಒಂದೊಂದು ಹೊಲಿಗೆಯೂ ಸಾಸಿವೆಯಷ್ಟು. ನನಗೆ ಒಳಗೊಳಗೇ ಹೆಮ್ಮೆ. ಅತ್ತೆ ಎಡಗೈ ಆಡಿಸಿ ನೋಡಿದರು.

"ಹಪ್ಪಳ ಮಾಡೀದಿ ಏನವ್ವಾ? ಕೂಸಿನ ಮ್ಯಾಲ ಹಾಕಿದ್ರ ಟಕ್ ಅಂತದ."

ನಾದಿನಿ ನಕ್ಕ ನಗೆಗೆ ಕೂಸು ಎದ್ದುಬಿಟ್ಟಿತು.

"ಜ್ವಾಳದ ಕಾಳಿನಷ್ಟು ಹಾಕು. ನಡು ಅಷ್ಟ ಜಾಗಾ ಬಿಡು. ಅರಿವಿ ಅರಿವಿ ಒಳಗ ಆಡಬೇಕು, ಗಾಳಿ ಕುಂದರಬೇಕು. ಅಂದ್ರ ಮೆತ್ತಗಿರ್ತದ," ಎಂದರು ಅತ್ತೆ.

ಹಾಗೆ ಆ ಬೇಸಿಗೆ ಹೋಯಿತು. ಊಟವಾದ ಮೇಲೆ ಕಿಟಕಿಗೆ ಒದ್ದೆ ಸೀರೆ ಕಟ್ಟಿ, ತಣ್ಣನೆಯ ಪರಸಿಕಲ್ಲಿನ ನೆಲದ ಮೇಲೆ ಕೌದಿ ಹರಡಿಕೊಂಡು ಮೂವರೂ ಕೂರುತ್ತಿದ್ದೆವು. ಕೂಲರಿನ ಗುಂಯ್‌ಗುಡುವಿಕೆಯಲ್ಲಿ ಮಾತು ಅರ್ಧಕ್ಕೆ ನಿಂತು, ಯಾರೋ ತೂಕಡಿಸಿ, ಮತ್ತೆಲ್ಲಿಂದಲೋ ಶುರುವಾಗುತ್ತಿತ್ತು. ಒಳಪದರದಲ್ಲಿ ತೀರಿಹೋದ ಮಾವನವರ ಧೋತರ. ಮೇಲೆ ಅತ್ತೆಯ ಬದನೆಕಾಯಿ ಬಣ್ಣದ ಇಳಕಲ್ ಸೀರೆಯ ಸೆರಗು, ನಾದಿನಿ ಕಾಲೇಜಿಗೆ ಹಾಕಿಕೊಳ್ಳುತ್ತಿದ್ದ ಹಳದಿ ದುಪಟ್ಟ, ಎಷ್ಟು ಒಗೆದರೂ ಮಾವಿನಕಾಯಿಯ ಸೊನೆಯ ಕಲೆ ಹೋಗದ ನನ್ನದೊಂದು ವಾಯಿಲ್ ಸೀರೆ. ಒದ್ದೆ ಸೀರೆಯನ್ನು ದಾಟಿ ಬಂದ ಬೆಳಕು ಹಸಿರಾಗಿ ನಮ್ಮ ಕೈಗಳ ಮೇಲೆ ಆಡುತ್ತಿತ್ತು. ಎಷ್ಟೋ ಸಲ ನಾವೆಲ್ಲ ಕೆರೆಯ ತಳದಲ್ಲಿ ಕೂತಿದ್ದೇವೆಂದು ನನಗೆ ಅನ್ನಿಸುತ್ತಿತ್ತು.

ಆ ಕೊನೆಯ ಬೆಳಗ್ಗೆ ರೊಟ್ಟಿ ಕೆಲಸ ಮುಗಿಸಿ ಕೌದಿ ಹರಡಿದೆ. ನಡುವೆ ಅಂಗೈಯಗಲ ಉಳಿದಿತ್ತು. ಅತ್ತೆ ಬಂದು ಪಕ್ಕದಲ್ಲಿ ಕೂತು, ಎಂದಿನಂತೆ ಅಂಚಿನಿಂದ ಎಡಗೈ ಆಡಿಸುತ್ತ ಬಂದರು. ನಡುವಿಗೆ ಸಮೀಪ ಬಂದಾಗ ಅವರ ಬೆರಳು ನಿಂತಿತು. ಒಂದು ಸಲ ಹಿಂದೆ ಹೋಗಿ ಮತ್ತೆ ಬಂದು, ಅಲ್ಲೇ ನಿಂತಿತು.

"ಇರ್ಲಿ ಬಿಡು," ಎಂದರು. "ಕೂಸಿಗೇನ್ ಗೊತ್ತಾಗ್ತದ."

ಎದ್ದು ಹೋಗಿ ಒಂದೇ ಕೈಯಲ್ಲಿ ಕೂಸಿನ ಬಟ್ಟೆ ಮಡಚತೊಡಗಿದರು.

ಬೇಸಿಗೆಯುದ್ದಕ್ಕೂ ಅವರು ನನಗೆ ಹಪ್ಪಳ ಎಂದಿದ್ದಾರೆ, ಗೋಣಿಚೀಲ ಎಂದಿದ್ದಾರೆ. ಇರಲಿ ಬಿಡು ಎಂದಿರಲಿಲ್ಲ. ಬೆಳಕಿಗೆ ಹಿಡಿದು ನೋಡಿದೆ. ಹಿಂದಿನ ದಿನ, ಮುಗಿಯುತ್ತದೋ ಇಲ್ಲವೋ ಎಂಬ ಅವಸರದಲ್ಲಿ ಹಾಕಿದ ಸುತ್ತುಗಳೆಲ್ಲ ಮತ್ತೆ ಸಾಸಿವೆಯಾಗಿದ್ದವು. ನಡುಭಾಗ ಗಟ್ಟಿಯಾಗಿ, ಒಣಗಿದ ಗಾಯದಂತೆ ಸೆಟೆದಿತ್ತು. ಕೌದಿ ಹೀಗೇ ಹೋದರೂ ಹೋಗುತ್ತಿತ್ತು. ಆದರೆ ಅತ್ತೆಯ ಲೆಕ್ಕದಲ್ಲಿ ಈ ಒಂದು ಮೊಮ್ಮಗಳು ಅವರ ಕೌದಿಯಿಲ್ಲದೆ ಹೋದ ಹಾಗೆಯೇ. ಅವರ ಬೆನ್ನು ನೋಡಿದರೆ ತಿಳಿಯುತ್ತಿತ್ತು.

ಕತ್ತರಿಯ ಮೊನೆಯಿಂದ ಬಿಚ್ಚತೊಡಗಿದೆ.

"ವೈನಿ, ನಿಮಗ ತಲಿ ಕೆಟ್ಟದೇನ್ರಿ?" ಎಂದಳು ನಾದಿನಿ. "ಅವರು ಜೀಪ್ ತಗೊಂಡು ಈಗ ಬರ್ತಾರ, ಈಗ ನೀವು ಬಿಚ್ಚಾಕತ್ತೀರಿ."

"ನೀ ಸೂಜಿಗೆ ದಾರ ಪೋಣಿಸಿ ಕೊಡವ್ವ, ಆಗ್ತದ."

ಗೊಣಗುತ್ತಲೇ ಕೂತು ಪೋಣಿಸಿಕೊಟ್ಟಳು. ಊಟಕ್ಕೆ ಬಂದ ನನ್ನ ಯಜಮಾನರು ಬಾಗಿಲಲ್ಲೇ ನಿಂತು, "ಇನ್ನಾ ಬಿಚ್ಚೂದೇ ನಡದದ? ಹೊಲಿಯೂದು ಯಾವಾಗ?" ಎಂದರು.

"ನೀ ಹುಟ್ಟಿದಾಗಿಂದ ಒಂದು ಗುಂಡಿ ಹಚ್ಚಿದ್ದು ನಾ ನೋಡಿಲ್ಲ," ಎಂದರು ಅತ್ತೆ ಅಡುಗೆಮನೆಯಿಂದ. "ಸುಮ್ಮ ಬಂದು ಉಣ್ಣು."

ಆಮೇಲೆ ಅತ್ತೆ ಬಂದು ನನ್ನ ಎದುರು ಕಾಲು ಚಾಚಿ ಕೂತರು. ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು ತೂಗತೊಡಗಿದರು. ಬಾಯೊಳಗೇ, ಪದಗಳಿಲ್ಲದ ಒಂದು ಜೋ. ಅದು ಬಹಳ ನಿಧಾನ, ಏರಿ ಇಳಿದು, ನಡುವೆ ಸ್ವಲ್ಪ ಬಿಟ್ಟು, ಮತ್ತೆ ಏರುವುದು. ನನ್ನ ಸೂಜಿ ಯಾವಾಗ ಆ ದನಿಯ ಜೊತೆ ಮುಳುಗಿ ಏಳತೊಡಗಿತೋ ನನಗೆ ಗೊತ್ತಿಲ್ಲ. ದನಿ ಇಳಿದಾಗ ಸೂಜಿ ಬಟ್ಟೆಯೊಳಗೆ, ಏರಿದಾಗ ಹೊರಗೆ, ಬಿಟ್ಟಾಗ ಬರೀ ಬಟ್ಟೆ. ಜೀಪಿನ ಯೋಚನೆ ಹೋಯಿತು. ಕೂಸಿನ ತಲೆಯ ಬೆಚ್ಚನೆಯ ಎಣ್ಣೆ ವಾಸನೆ, ಲೋಬಾನದ ವಾಸನೆ, ಕಿಟಕಿಯ ಸಂದಿಯಿಂದ ತೇಲಿಬಂದ ಬೇವಿನ ಹೂವೊಂದು ಇಳಕಲ್ ಸೆರಗಿನ ಮೇಲೆ ಇಳಿದದ್ದು, ಇಷ್ಟೇ ನೆನಪು. ತಲೆಯೆತ್ತಿದಾಗ ನಾದಿನಿ ಸೂಜಿ ಹಿಡಿದುಕೊಂಡೇ ನಿದ್ದೆ ಹೋಗಿದ್ದಳು. ನಡುವೆ ಒಂದು ರೂಪಾಯಿಯಗಲ ಮಾತ್ರ ಉಳಿದಿತ್ತು.

"ತಡಿ," ಎಂದು ಅತ್ತೆ ಕೂಸನ್ನು ನನ್ನ ಮಡಿಲಿಗೆ ಹಾಕಿ ಎದ್ದರು. ಒಣಗಿಸಿಟ್ಟ ಕಟಿರೊಟ್ಟಿಯ ಒಂದು ಚೂರು, ನಾಲ್ಕು ಕಾಳು ಸಕ್ಕರೆ ತಂದರು. "ಕೌದಿ ಹಸದ ಹೊಟ್ಟಿಲೆ ಹೋಗಬಾರದು."

"ಇರುವಿ ಬರಂಗಿಲ್ಲೇನ್ರಿ ಅತ್ತಿ?"

"ಬರ್ಲಿ. ಅವಕೂ ಹೊಟ್ಟಿ ಅದ." ಎಡಗೈಯಿಂದ ಆ ಚೂರನ್ನು ಪದರದೊಳಗೆ ತಳ್ಳಿದರು. "ಒಂದು ಸಲ ಒಗದ್ರ ಕರಗಿ ಹೋಗ್ತದ. ಮೊದಲ್ನೇ ದಿನ ಉಂಡಿದ್ರ ಸಾಕು."

ಮುಚ್ಚಿ ಹೊಲಿದು ಗಂಟು ಹಾಕಿದೆ. ಕತ್ತರಿ ಕೊಟ್ಟರೆ ಬೇಡವೆಂದು, ಬಗ್ಗಿ ಹಲ್ಲಿನಿಂದಲೇ ದಾರ ಕಡಿದರು. ಆಮೇಲೆ ಅಂಚಿನಿಂದ ನಡುವಿನವರೆಗೆ ಎಡಗೈ ಆಡಿಸುತ್ತ ಬಂದರು. ಬೆರಳು ಎಲ್ಲಿಯೂ ನಿಲ್ಲಲಿಲ್ಲ. ಮಗಳನ್ನು ಎಬ್ಬಿಸಿ, ಉಡಿ ತುಂಬಲು ಅಕ್ಕಿ ಕೊಬ್ಬರಿ ತೆಗೆಯಲು ಹೋದರು.

ಜೀಪು ಬಂತು. ಚಹಾ ಆಯಿತು, ಉಡಿ ತುಂಬಿದ್ದಾಯಿತು, ನಾದಿನಿ ಅತ್ತದ್ದೂ ಆಯಿತು. ಪಕ್ಕದ ಮನೆಯ ಖಾಲಾ, ಬೇಸಿಗೆಯೆಲ್ಲ ಕಡೇಚೂರಿನ ಮಗಳ ಮನೆಯಲ್ಲಿದ್ದು ಹಿಂದಿನ ದಿನವಷ್ಟೇ ಮರಳಿದವರು, ಬಂದು ಕೂಸಿನ ಕೆನ್ನೆಗೆ ಕಾಡಿಗೆ ಹಚ್ಚಿ, ಕೌದಿಯ ತುದಿ ಎಳೆದು ಪಾದ ಮುಚ್ಚಿದರು. ಧೂಳು ಇಳಿಯುವವರೆಗೂ ಅತ್ತೆ ಗೇಟಿನಲ್ಲೇ ನಿಂತಿದ್ದು, ಒಳಗೆ ಹೋಗಿ ಕೂಲರಿನ ಮುಂದೆ ಅಡ್ಡಾದರು.

ಬಿಸಿಲು ಹೋದ ಮೇಲೆ ನಾನು ಅಂಗಳಕ್ಕೆ ನೀರು ಹೊಡೆಯುತ್ತಿದ್ದೆ. ಕಂಪೌಂಡಿನಾಚೆ ಖಾಲಾ ತಂತಿಯ ಮೇಲಿನ ಬಟ್ಟೆ ಎಳೆದು ಹೆಗಲಿಗೆ ಹಾಕಿಕೊಳ್ಳುತ್ತ ಹೇಳಿದರು: "ನಿಮ್ಮತ್ತಿ ಕೈ ಆರಾಮ ಆಗ್ಯಾದಲ್ಲ, ಚಲೋ ಆತು ಬೇಟಿ. ಕೂಸಿನ ಕೌದಿ ನೋಡಿದ ಕೂಡ್ಲೆ ಗೊತ್ತಾತು, ಅವರದೇ ಹೊಲಿಗಿ."